ಬೆಟ್ಟದ ದರಕು, ಕೆರೆಯ ಮೀನು: ಒಂದು ಪ್ರಕರಣ ಅಧ್ಯಯನ

ಶಿರಸಿ–ಸಿದ್ದಾಪುರ ಕಡೆಯ ಒಂದು ಊರಿನ ಕೆರೆಯಲ್ಲಿ ನಾಲ್ಕು ವರ್ಷಗಳ ಅವಧಿಯಲ್ಲಿ ನಡೆದದ್ದು ಇದು. ಊರು, ಮನೆತನ, ವರ್ಷ ಯಾವುದರ ಗುರುತೂ ಸಿಗದಂತೆ ಬರೆದಿದೆ. ದರಕು ಅಂದರೆ ಉದುರಿದ ಒಣ ಎಲೆ. ಅದು ಕೊಳೆಯುವುದು ಬೆಟ್ಟದಲ್ಲಾದರೆ ಗೊಬ್ಬರ, ಕೆರೆಯಲ್ಲಾದರೆ ಕೆಲವೊಮ್ಮೆ ಮೀನಿನ ಸಾವು. ಇದೇಕೆ ಹೀಗೆ ಎಂಬುದು ಅಲ್ಲಿಯವರಿಗೆ ಅರ್ಥವಾಗಲು ಮೂರು ತಪ್ಪು ಪ್ರಯೋಗಗಳು ಬೇಕಾದವು.

ಹಿನ್ನೆಲೆ

ಕೆರೆ ಇಪ್ಪತ್ತು ಗುಂಟೆಯದು. ತುಂಬಿದಾಗ ಸರಾಸರಿ ಆಳ ಒಂದೂವರೆ ಮೀಟರ್, ತೂಬಿನ ಹತ್ತಿರ ಆಳು ಮುಳುಗುವಷ್ಟು. ಅಂದರೆ ಸುಮಾರು 3,000 ಘನ ಮೀಟರ್ ನೀರು. ಮೇ ಕೊನೆಗೆ ಅದರ ಮೂರನೇ ಒಂದು ಪಾಲು ಉಳಿದರೆ ಹೆಚ್ಚು. ಮೂರು ದಿಕ್ಕಿಗೆ ಸೊಪ್ಪಿನ ಬೆಟ್ಟ, ನಾಲ್ಕನೆಯದಕ್ಕೆ ಏರಿ, ಏರಿಯ ಕೆಳಗೆ ಅಡಿಕೆ ತೋಟ. ಸೊಪ್ಪಿನ ಬೆಟ್ಟವೆಂದರೆ ತೋಟಕ್ಕೆ ಸೊಪ್ಪು, ದರಕು ತರಲೆಂದು ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟ ಕಾಡು. ಬಳಕೆಯ ಹಕ್ಕು ತೋಟದವರದು, ಮರ ಕಡಿಯುವ ಹಕ್ಕಲ್ಲ. ಇಲ್ಲಿನ ಬೆಟ್ಟದಲ್ಲಿ ಮತ್ತಿ, ಹೊನ್ನೆ, ನಂದಿ, ಕೌಲು ಇವೆ. ಬಡಗಣ ಇಳಿಜಾರಿನಲ್ಲಿ ಮಾತ್ರ 1980ರ ದಶಕದಲ್ಲಿ ಬಂದ ಅಕೇಶಿಯಾ ಒತ್ತಾಗಿ ನಿಂತಿದೆ.

ಐದು ಮನೆಯವರು ಸೇರಿ ಕೆರೆಯಲ್ಲಿ ಮೀನು ಸಾಕುತ್ತಿದ್ದರು. ಆಗಸ್ಟ್‌ನಲ್ಲಿ ಕಾಟ್ಲಾ, ರೋಹು, ಮೃಗಾಲ ಸೇರಿ ಸಾವಿರ ಮರಿ ಬಿಡುವುದು, ಮುಂದಿನ ಮೇ ಕೊನೆ ಅಥವಾ ಜೂನ್ ಮೊದಲಿಗೆ ಹಿಡಿಯುವುದು. ಹೆಕ್ಟೇರಿಗೆ ಐದು ಸಾವಿರದ ಲೆಕ್ಕ. ಅತಿಯಾಗಿ ಬಿಟ್ಟಿದ್ದಾರೆಂದು ಹೇಳುವ ಹಾಗಿಲ್ಲ.

ಈ ಕಡೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಎಲೆ ಉದುರುತ್ತದೆ. ನೆಲದ ಮೇಲೆ ಅದು ಹೇಗಿರುತ್ತದೆಂದು ನೋಡಲು ಮಳೆಗಾಲದ ಕೊನೆಗೆ ಮತ್ತಿಮರದ ಬುಡದಲ್ಲಿ ಕೈಹಾಕಿ ಒಂದು ಹಿಡಿ ಎತ್ತಿದರೆ ಸಾಕು. ಮೇಲಿನ ಎಲೆ ಇಡಿಯಾಗಿದೆ, ಬಣ್ಣ ಮಾತ್ರ ಹೋಗಿದೆ. ಅದರ ಕೆಳಗಿನದು ಜಾಲರಿ: ನರಗಳು ಉಳಿದಿವೆ, ನಡುವಿನ ಹಸಿಭಾಗವನ್ನು ಹುಳ ತಿಂದಿದೆ. ಮೂರನೇ ಪದರದಲ್ಲಿ ಎಲೆಚೂರುಗಳನ್ನು ಬಿಳಿಯ ಶಿಲೀಂಧ್ರದ ಎಳೆ ಹೊಲಿದಂತೆ ಹಿಡಿದಿರುತ್ತದೆ. ಒಂದು ಚೂರು ಎಳೆದರೆ ನಾಲ್ಕು ಜೊತೆಗೆ ಬರುತ್ತವೆ. ಅದರ ಕೆಳಗೆ ಬೆರಳಿಗೆ ಪುಡಿಯಾಗುವ ಕಪ್ಪು ಮಣ್ಣು, ಒಂದೆರಡು ಬೆರಳು ದಪ್ಪ. ಒನಕೆಬಂಡಿ, ಗೆದ್ದಲು, ಎರೆಹುಳಗಳು ಚೂರು ಮಾಡುತ್ತವೆ, ಶಿಲೀಂಧ್ರ ಗಟ್ಟಿ ನಾರನ್ನು ಬಿಡಿಸುತ್ತದೆ, ಬ್ಯಾಕ್ಟೀರಿಯಾ ಉಳಿದದ್ದನ್ನು ಮುಗಿಸುತ್ತದೆ. ಎಲ್ಲಕ್ಕೂ ಉಸಿರು ಬೇಕು. ಕಾಡಿನ ನೆಲದಲ್ಲಿ ಅದಕ್ಕೆ ಕೊರತೆಯಿಲ್ಲ, ಎಲೆಯ ಸಂದಿಗಳಲ್ಲೆಲ್ಲ ಗಾಳಿಯೇ ತುಂಬಿದೆ.

ಸಮಸ್ಯೆ

ಮೊದಲ ವರ್ಷ ಮೇ ಕೊನೆಯ ವಾರ, ಇನ್ನೇನು ಬಲೆ ಹಾಕಬೇಕು ಎನ್ನುವಾಗ, ಎರಡು ರಾತ್ರಿ ಜೋರು ಮಳೆ ಬಂತು. ಮೂರನೇ ದಿನ ಬೆಳಗಿನ ಜಾವ ಮೀನು ನೀರಿನ ಮೇಲೆ ಬಾಯಿ ತೆರೆದು ಗುಟುಕರಿಸುತ್ತಿದ್ದವು. ಎಂಟು ಗಂಟೆಯ ಹೊತ್ತಿಗೆ ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲಾಗಿ ತೇಲಿದವು. ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು.

ಯಾರೋ ವಿಷ ಹಾಕಿದ್ದಾರೆ ಎಂಬ ಮಾತು ಮಧ್ಯಾಹ್ನದೊಳಗೆ ಊರೆಲ್ಲ ಹಬ್ಬಿತು. ಕೆರೆಯ ಪಾಲಿನ ಬಗ್ಗೆ ಹಳೆಯ ಜಗಳವಿದ್ದ ಮನೆಯ ಮೇಲೆ ಗುಮಾನಿ ಬಿತ್ತು. ಆ ದಿನ ಸರಿಯಾಗಿ ನೋಡಿದವರು ತೋಟಕ್ಕೆ ಕೆಲಸಕ್ಕೆ ಬರುವ ಹಿರಿಯರೊಬ್ಬರು. "ವಿಷ ಆಗಿದ್ರೆ ಕೊರವ ಹ್ಯಾಂಗೆ ಉಳೀತಿತ್ತು ತಮಾ?" ಎಂದರಂತೆ. ಆಗ ಯಾರೂ ಕಿವಿಗೊಡಲಿಲ್ಲ.

ಆದರೆ ಇಡೀ ಪ್ರಕರಣದ ಕೀಲಿ ಅದೇ. ಕೊರವ, ಮುರುಗೋಡು ಮೀನುಗಳು ನೀರಿನ ಮೇಲೆ ಬಂದು ನೇರ ಗಾಳಿಯನ್ನೇ ಉಸಿರಾಡಬಲ್ಲವು. ಕಾಟ್ಲಾ, ರೋಹು, ಮೃಗಾಲದಂಥ ಗೆಂಡೆ ಜಾತಿಯವಕ್ಕೆ ನೀರಲ್ಲಿ ಕರಗಿದ ಆಮ್ಲಜನಕವೇ ಗತಿ. ಗೆಂಡೆ ಜಾತಿಯವು ಸತ್ತು ಕೊರವ ಉಳಿದಿದ್ದರೆ, ದೊಡ್ಡವು ಮೊದಲು ಸತ್ತು ಚಿಕ್ಕವು ಉಳಿದಿದ್ದರೆ, ಸಾವು ಬೆಳಗಿನ ಜಾವಕ್ಕೇ ಆಗಿದ್ದರೆ, ಕಪ್ಪೆಗಳು ಆರಾಮಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಆಮ್ಲಜನಕದ ಕೊರತೆಯನ್ನು. ವಿಷವಾದರೆ ಸಾಮಾನ್ಯವಾಗಿ ಹೊತ್ತುಗೊತ್ತಿಲ್ಲ, ಚಿಕ್ಕ ಮೀನೂ ಹುಳುಹುಪ್ಪಟೆಯೂ ಬೇಗ ಹೋಗುತ್ತವೆ.

ಲೆಕ್ಕ

ಒಣಗಿದ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂಗಾಲ. ಒಂದು ಗ್ರಾಂ ಇಂಗಾಲ ಪೂರ್ತಿ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಲು 2.67 ಗ್ರಾಂ ಆಮ್ಲಜನಕ ಬೇಕು. ಹಾಗಾದರೆ ಒಂದು ಕಿಲೋ ದರಕಿಗೆ 1.2 ಕಿಲೋ. ನಮ್ಮ ಬೇಸಿಗೆಯ ಬಿಸಿಯಲ್ಲಿ ಒಂದು ಘನ ಮೀಟರ್ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಎಂಟು ಗ್ರಾಂ ದಾಟುವುದಿಲ್ಲ. ಒಂದೇ ಒಂದು ಕಿಲೋ ದರಕು ಕೊನೆಯವರೆಗೆ ಕೊಳೆಯಲು 150 ಘನ ಮೀಟರ್ ನೀರಿನ ಅಷ್ಟೂ ಉಸಿರನ್ನು ತಿನ್ನುತ್ತದೆ. ಮೇ ಕೊನೆಯ ಈ ಕೆರೆಯಲ್ಲಿ ಇದ್ದದ್ದು ಸುಮಾರು ಸಾವಿರ ಘನ ಮೀಟರ್ ನೀರು. ಅದರಲ್ಲಿ ಏಳೆಂಟು ಕಿಲೋ ಆಮ್ಲಜನಕ. ಗಾಳಿಯಿಂದ ಕರಗಿ ಬರುವುದು ದಿನಕ್ಕೆ ಕೆಲವೇ ಕಿಲೋ. ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ.

ಎಲೆ ಒಂದೇ ದಿನಕ್ಕೆ ಕೊಳೆಯುವುದಿಲ್ಲವಲ್ಲ ಎನ್ನಬಹುದು. ನಾರು ಕೊಳೆಯಲು ತಿಂಗಳುಗಳು ಬೇಕು, ನಿಜ. ಆದರೆ ಒಣ ಎಲೆ ನೀರಿಗೆ ಬಿದ್ದ ಮೊದಲ ಒಂದೆರಡು ದಿನದಲ್ಲೇ ಅದರಲ್ಲಿನ ಸಕ್ಕರೆ, ಒಗರು ಎಲ್ಲ ಬಿಟ್ಟುಕೊಂಡುಬಿಡುತ್ತದೆ. ಜಾತಿಯ ಮೇಲೆ ಹೋಗಿ ಒಣತೂಕದ ಹತ್ತನೇ ಒಂದರಿಂದ ನಾಲ್ಕನೇ ಒಂದು ಪಾಲಿನವರೆಗೆ. ಚಹಾದ ಬಣ್ಣ ಬಂದದ್ದು ಅದರಿಂದಲೇ. ಬ್ಯಾಕ್ಟೀರಿಯಾಕ್ಕೆ ಇದು ಬೇಯಿಸಿಟ್ಟ ಊಟ. ಆ ಎರಡು ರಾತ್ರಿಯ ಮಳೆಗೆ ಬೆಟ್ಟದಿಂದ ಕೊಚ್ಚಿ ಬಂದು ಕೆರೆಬಾಯಲ್ಲಿ, ಅಂದರೆ ನೀರು ಕೆರೆಗೆ ಇಳಿಯುವಲ್ಲಿ, ಒಟ್ಟಿದ್ದ ಒದ್ದೆ ಎಲೆಯನ್ನು ಬುಟ್ಟಿ ಲೆಕ್ಕದಲ್ಲಿ ತೆಗೆದು ಒಣತೂಕ ಅಂದಾಜಿಸಿದಾಗ ನಾನೂರು ಕಿಲೋ ಹತ್ತಿರ ಬಂತು. ಹತ್ತನೇ ಒಂದು ಪಾಲು ಎಂದು ಹಿಡಿದರೂ ಕರಗಿದ್ದು ನಲವತ್ತು ಕಿಲೋ. ಅಷ್ಟೇ ಸಾಕು, ಕೆರೆಯ ಆಮ್ಲಜನಕವನ್ನು ಹಲವು ಸಲ ಬರಿದು ಮಾಡಲು.

ಇದರ ಮೇಲೆ ಇನ್ನೆರಡು ಕಾರಣ ಸೇರಿದವು. ಮೋಡ ಕವಿದದ್ದರಿಂದ ಪಾಚಿಜೀವಿಗಳು ಹಗಲು ಉಣಿಸುವ ಆಮ್ಲಜನಕ ನಿಂತಿತು. ತಣ್ಣನೆಯ ಮಳೆನೀರು ಭಾರವಾಗಿ ತಳಕ್ಕಿಳಿದು ಹಳೆಯ ಕಪ್ಪು ರಾಡಿಯನ್ನು ಕದಡಿತು. ಉಸಿರಿಲ್ಲದೆ ಕೊಳೆತ ರಾಡಿಯಲ್ಲಿ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್, ಕರಗಿದ ಕಬ್ಬಿಣ ಇರುತ್ತವೆ. ಮೇಲೆ ಬಂದ ತಕ್ಷಣ ಅವೂ ಆಮ್ಲಜನಕಕ್ಕೇ ಕೈಹಾಕುತ್ತವೆ.

ಮಾಡಿದ ಪ್ರಯತ್ನಗಳು

ಮೊದಲ ಮದ್ದು ಸುಣ್ಣ. ಮೀನು ತೇಲಿದ ಮಾರನೇ ದಿನವೇ ನೂರು ಕಿಲೋ ಸುಟ್ಟ ಸುಣ್ಣ, ಅದರ ಹಿಂದೆಯೇ ಬ್ಲೀಚಿಂಗ್ ಪೌಡರ್. ಉಳಿದಿದ್ದ ಮೀನಿನಲ್ಲಿ ಅರ್ಧ ಆ ವಾರ ಹೋಯಿತು. ಸುಟ್ಟ ಸುಣ್ಣ ನೀರಿನ ಕ್ಷಾರತೆಯನ್ನು ಒಮ್ಮೆಲೇ ಏರಿಸುತ್ತದೆ. ಕೊಳೆಯುವ ವಸ್ತುವಿನಿಂದ ಬಂದ ಅಮೋನಿಯಂ ಆಗ ಮೀನಿಗೆ ವಿಷವಾದ ಅಮೋನಿಯಾ ರೂಪಕ್ಕೆ ತಿರುಗುತ್ತದೆ. ಬ್ಲೀಚಿಂಗ್ ಪೌಡರ್, ಉಸಿರು ಕೊಡಬೇಕಿದ್ದ ಪಾಚಿಜೀವಿಗಳನ್ನೂ ಕೊಂದಿತು. ಆ ಹೊತ್ತಿಗೆ ಮಾಡಬೇಕಾದ್ದು ಒಂದೇ: ತೋಟದ ಪಂಪನ್ನು ಕೆರೆಗೆ ತಿರುಗಿಸಿ, ಅದೇ ನೀರನ್ನು ಮೇಲಕ್ಕೆ ಚಿಮುಕಿಸಿ ಬೀಳಿಸುವುದು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ. ನೀರೆಳೆಯುವ ಕೊಳವೆಯ ತುದಿಯ ಫುಟ್‌ವಾಲ್ವ್ ತಳದ ರಾಡಿಗೆ ತಾಗದಂತೆ ನೀರಿನ ಮೇಲ್ಭಾಗದಲ್ಲಿ ತೇಲಿಸಿಟ್ಟು.

ಎರಡನೇ ವರ್ಷ ದರಕೇ ವೈರಿ ಎಂದು ತೀರ್ಮಾನವಾಯಿತು. ಮಾರ್ಚ್‌ನಲ್ಲಿ ಆಳು ಹಚ್ಚಿ ಕೆರೆಗೆ ಇಳಿಯುವ ಮೂರೂ ಇಳಿಜಾರನ್ನು ಹಲ್ಲುಕುಂಟೆಯಿಂದ ಕೆರೆದು, ಕೆಳಗಿನ ಕಪ್ಪು ಪದರದ ಸಮೇತ ಕೊಟ್ಟಿಗೆಗೆ ಸಾಗಿಸಿದರು. ಆ ವರ್ಷ ಗೊಬ್ಬರದ ಗುಂಡಿ ತುಂಬಿತು, ಎಲ್ಲರಿಗೂ ಖುಷಿ. ಮೊದಲ ಮಳೆಗೆ ಚಹಾ ನೀರು ಬರಲಿಲ್ಲ, ಕೆಂಪು ನೀರು ಬಂತು. ಹೊದಿಕೆ ಹೋದ ನೆಲಕ್ಕೆ ಹನಿ ನೇರ ಹೊಡೆದು, ಮೇಲ್ಮಣ್ಣು ಎದ್ದು, ಮಣ್ಣಿನ ಸಂದಿಗಳಲ್ಲಿ ಸೇರಿ ಮುಚ್ಚಿ, ಇಂಗಬೇಕಿದ್ದ ನೀರು ಹರಿದು ಬಂತು. ಕೆರೆಬಾಯಲ್ಲಿ ಮೊಣಕಾಲುದ್ದ ಮಣ್ಣು ಕೂತಿತು. ಆಗಸ್ಟ್‌ವರೆಗೂ ನೀರು ತಿಳಿಯಾಗಲಿಲ್ಲ. ಬೆಳಕು ಒಳಗಿಳಿಯದೆ ಪಾಚಿಜೀವಿಗಳು ಬೆಳೆಯಲಿಲ್ಲ, ಮೀನಿಗೆ ಮೇವಿಲ್ಲ. ಬೇಸಿಗೆಯಲ್ಲಿ ಒರತೆ ಬೇಗ ಬತ್ತಿತೆಂದು ತೋಟದವರು ಹೇಳಿದರು. ಆ ವರ್ಷ ಮಳೆಯೂ ಬೇಗ ಹಿಂದೆಗೆದಿತ್ತಾದ್ದರಿಂದ ಅದನ್ನು ದರಕಿನ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ.

ಮೂರನೇ ವರ್ಷದ್ದು ದುಬಾರಿ ತಪ್ಪು. ಹೂಳು ತೆಗೆಯಬೇಕೆಂದು ಜೆಸಿಬಿ ತರಿಸಿ ಕೆರೆಯನ್ನು ಬುಡಮಟ್ಟ ಕೆರೆಸಿದರು. ಮೇಲೆ ಕಪ್ಪು ರಾಡಿ, ಅದರ ಕೆಳಗೆ ಬೂದುಬಣ್ಣದ ಜಿಗುಟು ಜೇಡಿ, ಅದರ ಕೆಳಗೆ ಜಂಬಿಟ್ಟಿಗೆ ಮುರ. ಡ್ರೈವರ್ ಕೆಂಪು ನೆಲ ಕಾಣುವವರೆಗೂ ಅಗೆದ. ತೆಗೆಸಿದವರಿಗೂ ಅದೇ ಸ್ವಚ್ಛ ಅನ್ನಿಸಿತು. ನೀರು ಸೋರದಂತೆ ತಡೆಯುತ್ತಿದ್ದದ್ದು ಆ ಜೇಡಿ ಮತ್ತು ಅದರ ಸಂದಿಗಳಲ್ಲಿ ವರ್ಷಗಟ್ಟಲೆ ಕೂತ ಸಣ್ಣ ಕೊಳೆಕಣ. ಡಿಸೆಂಬರಿಗೆ ಸಾಮಾನ್ಯವಾಗಿ ತೂಬಿನ ಮೇಲಿನಿಂದ ಎರಡನೇ ಕಣ್ಣಿಗಿರುತ್ತಿದ್ದ ನೀರು ಆ ವರ್ಷ ಮೂರನೇ ಕಣ್ಣಿನ ಕೆಳಗೆ ಇಳಿದಿತ್ತು. ಮೀನು ಸಾಯಲಿಲ್ಲ, ಬೆಳೆಯಲೂ ಇಲ್ಲ. ಅದರಲ್ಲೂ ಮೃಗಾಲ ಬಡಕಲಾಯಿತು. ಅದು ತಳದಲ್ಲಿ ಮೇಯುವ ಮೀನು. ಕೊಳೆಯುವ ಕಣ, ಅದರ ಮೇಲೆ ಬದುಕುವ ಕೆಂಪು ಹುಳಗಳೇ ಅದರ ಅನ್ನ. ತಳವನ್ನು ತೊಳೆದಿಟ್ಟರೆ ಅದು ತಿನ್ನುವುದಾದರೂ ಏನನ್ನು?

ತೆಗೆದ ರಾಡಿ ಇನ್ನೊಂದು ಹಾನಿ ಮಾಡಿತು. ಕೆರೆಗೋಡು ಒಳ್ಳೆಯ ಗೊಬ್ಬರವೆಂದು ಹಸಿಯಾಗಿರುವಾಗಲೇ ಅಡಿಕೆ ಮರಗಳ ಬುಡಕ್ಕೆ ಗೇಣುದ್ದ ಹೇರಿದರು. ಮಳೆ ಹಿಡಿದ ಮೇಲೆ ಅದು ಮುದ್ದೆಯಾಗಿ ಬೇರಿನ ಉಸಿರು ಕಟ್ಟಿ, ಎರಡು ಸಾಲಿನ ಮರಗಳ ಸೋಗೆ ಹಳದಿಗೆ ತಿರುಗಿತು. ಕೆರೆಗೋಡನ್ನು ಬಯಲಲ್ಲಿ ತೆಳುವಾಗಿ ಹರಡಿ, ಒಂದು ಬೇಸಿಗೆ ಬಿರುಕು ಬಿಡುವವರೆಗೆ ಒಣಗಿಸಿ, ಕಪ್ಪು ಹೋಗಿ ಕಂದು ಬಣ್ಣಕ್ಕೆ ಬಂದ ಮೇಲೆ ಪುಡಿಮಾಡಿ ಹಾಕಬೇಕು. ವಾಸನೆ ಹೋಗಿಲ್ಲವೆಂದರೆ ಇನ್ನೂ ಹದವಾಗಿಲ್ಲ.

ತಿರುವು

ನಾಲ್ಕನೇ ವರ್ಷ ಆಮ್ಲಜನಕ ಅಳೆಯುವ ಹನಿಕಿಟ್ ಒಂದು ಬಂತು. ಬೆಳಗಿನ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ಮೇಲೆ ಒಂದು ಮಾದರಿ, ತಳದಿಂದ ಒಂದು ಮೊಳ ಮೇಲೆ ಇನ್ನೊಂದು. ಕಿಟ್‌ನಿಂದ ಕೆರೆ ಸುಧಾರಿಸಲಿಲ್ಲ, ವಾದ ಬದಲಾಯಿತು. ಮಧ್ಯಾಹ್ನ ಚೆನ್ನಾಗಿದ್ದ ಅಂಕಿ ಮುಂಜಾವಿಗೆ ಅರ್ಧಕ್ಕಿಂತ ಕೆಳಗಿಳಿಯುವುದನ್ನು ಕಣ್ಣಾರೆ ಕಂಡ ಮೇಲೆ ವಿಷದ ಮಾತು ನಿಂತಿತು. ಲೀಟರಿಗೆ 5 ಮಿಲಿಗ್ರಾಂ ಮೇಲಿದ್ದರೆ ನಿಶ್ಚಿಂತೆ, 3ಕ್ಕೆ ಇಳಿದರೆ ಆ ರಾತ್ರಿ ಪಂಪ್ ಹಚ್ಚುವುದು ಎಂದು ನಿಯಮವಾಯಿತು.

ಅಲ್ಲಿಂದ ಪ್ರಶ್ನೆಯೇ ಬೇರೆಯಾಯಿತು. ದರಕನ್ನು ಹೇಗೆ ಇಲ್ಲವಾಗಿಸುವುದು ಎಂದು ಕೇಳುತ್ತಿದ್ದವರು, ಅದು ಎಲ್ಲಿ ಕೊಳೆಯಲಿ ಎಂದು ಕೇಳತೊಡಗಿದರು.

ಬೆಟ್ಟದಲ್ಲಿ: ದರಕು ಗುಡಿಸುವುದನ್ನು ಜನವರಿಗೆ ತಂದರು, ಆಮೇಲೆ ಉದುರುವ ಎಲೆ ಮಳೆಯ ಹೊತ್ತಿಗೆ ನೆಲ ಮುಚ್ಚಲಿ ಎಂದು. ಹಲ್ಲುಕುಂಟೆ ಬಂದ್, ಪೊರಕೆಯಿಂದ ಮೇಲಿನ ಸಡಿಲ ಎಲೆ ಮಾತ್ರ. ಇಳಿಜಾರಿಗೆ ಅಡ್ಡಲಾಗಿ ಹತ್ತು ಹೆಜ್ಜೆ ಗುಡಿಸಿದರೆ ಮುಂದಿನ ಹತ್ತು ಹೆಜ್ಜೆ ಬಿಡುವುದು, ಮರುವರ್ಷ ಅದಲುಬದಲು. ಬಿದ್ದ ಕೊಂಬೆ, ಜಿಗ್ಗುಗಳನ್ನು ಸೌದೆಗೆ ಒಯ್ಯದೆ ಸಮಪಾತಳಿಯಲ್ಲಿ ಸಾಲಾಗಿ ಮಲಗಿಸಿದರು. ಅಂಥ ಒಂದು ಸಾಲಿನ ಹಿಂದೆ ಎರಡೇ ಮಳೆಗೆ ಗೇಣೆತ್ತರ ಎಲೆ ನಿಂತಿತು. ಸೌದೆ ಬಿಡುವುದಕ್ಕೆ ಎರಡು ಮನೆಯವರು ಒಪ್ಪಲಿಲ್ಲ. ಅವರ ಭಾಗದಿಂದ ಇಂದಿಗೂ ಎಲೆ ಹೆಚ್ಚು ಬರುತ್ತದೆ.

ಕೆರೆಬಾಯಲ್ಲಿ: ಮೂರು ಮೀಟರ್ ಉದ್ದ, ಎರಡು ಅಗಲ, ಒಂದು ಆಳದ ಗುಂಡಿ, ಅದರ ಹೊರಬಾಯಿಗೆ ಬಿದಿರ ತಟ್ಟಿ. ಮೊದಲ ಸಲ ತಟ್ಟಿಯನ್ನು ನೆಟ್ಟಗೆ ನಿಲ್ಲಿಸಿದ್ದರು, ಸಂದಿ ಹೆಬ್ಬೆರಳಿನಷ್ಟು. ಅರ್ಧ ಗಂಟೆ ಮಳೆಗೆ ಎಲೆ ಮೆತ್ತಿಕೊಂಡು ಗೋಡೆಯಾಯಿತು, ನೀರು ಪಕ್ಕದಿಂದ ನುಗ್ಗಿ ದಂಡೆ ಕೊಚ್ಚಿತು. ಆಮೇಲೆ ತಟ್ಟಿಯನ್ನು ನೀರು ಬರುವ ಕಡೆಗೆ ಕಾಲುಚಾಚಿ ಓರೆಯಾಗಿ ಮಲಗಿಸಿದರು. ನೀರು ಎಲೆಯನ್ನು ಮೇಲಕ್ಕೆ ತಳ್ಳುತ್ತದೆ, ಕೆಳಗಿನ ಸಂದಿ ತೆರೆದೇ ಇರುತ್ತದೆ. ಹೆಚ್ಚಾದ ನೀರಿಗೆ ಕಲ್ಲು ಹಾಸಿದ ಪಕ್ಕದ ಕಾಲುವೆ. ಜೂನ್‌ನಲ್ಲಿ ಎರಡು ದಿನಕ್ಕೊಮ್ಮೆ ಗುಂಡಿ ಖಾಲಿ ಮಾಡಲೇಬೇಕು. ಬಿಟ್ಟರೆ ಗುಂಡಿಯೇ ಚಹಾ ಕಾಸುವ ಪಾತ್ರೆ.

ಇಷ್ಟೆಲ್ಲದರಲ್ಲಿ ಅತಿ ಅಗ್ಗದ್ದು, ಅತಿ ಹೆಚ್ಚು ಫಲ ಕೊಟ್ಟದ್ದು ಒಂದು ಹಲಗೆ. ತಟ್ಟಿ ಎಲೆ ತಡೆಯುತ್ತದೆ, ಕರಗಿದ ಒಗರನ್ನಲ್ಲ. ಆದ್ದರಿಂದ ಮೇ ತಿಂಗಳ ಮೊದಲ ಎರಡು ಮೂರು ಮಳೆಯ ನೀರನ್ನು ಹಲಗೆ ಅಡ್ಡಗಟ್ಟಿ ಪಕ್ಕದ ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ತಿರುಗಿಸಿದರು. ಪ್ರತಿ ಮಳೆಯ ನಂತರ ಬಿಳಿ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಬಿಳಿ ಹಾಳೆಯ ಮುಂದಿಡುವುದು. ಕಪ್ಪು ಚಹಾ ಬಣ್ಣವಿದ್ದರೆ ಹಲಗೆ ಇರಲಿ. ಒಣಹುಲ್ಲಿನ ಬಣ್ಣಕ್ಕೆ ಬಂದರೆ ತೆಗೆ.

ಹೂಳಿನ ವಿಷಯದಲ್ಲಿ, ಮುಂದೆ ರಾಡಿ ಕೂತಾಗ ವರ್ಷಕ್ಕೆ ಮೂರನೇ ಒಂದು ಭಾಗದಿಂದ ಮಾತ್ರ, ಬುಟ್ಟಿ-ಸನಿಕೆಯಲ್ಲೇ ತೆಗೆಯುವುದು ಎಂದಾಯಿತು. ಸಡಿಲ ಕಪ್ಪುರಾಡಿ ಹೋಗಲಿ, ಸನಿಕೆಗೆ ಜಿಗುಟು ತಾಗಿದಲ್ಲಿ ನಿಲ್ಲಿಸು. ಬಿರುಕುಬಿಟ್ಟ ತಳಕ್ಕೆ ಗದ್ದೆಯ ಜೇಡಿ ತಂದು, ನೀರು ಚಿಮುಕಿಸಿ, ಎಮ್ಮೆಗಳನ್ನು ಓಡಾಡಿಸಿ ತುಳಿಸಿದರು. ಕೃಷಿಸುಣ್ಣ ನಲವತ್ತು ಕಿಲೋ, ಅದೂ ಮೀನಿಲ್ಲದಾಗ, ತಳ ಒಣಗಿದ್ದಾಗ.

ಗುಂಡಿಯಿಂದ ತೆಗೆದ ಎಲೆ ಏರಿಯ ಆಚೆ ಗೊಬ್ಬರದ ರಾಶಿಯಾಯಿತು: ದರಕು, ಹಸಿ ಸಗಣಿ, ಗ್ಲಿರಿಸೀಡಿಯಾ ಸೊಪ್ಪು, ತೂಕದಲ್ಲಿ ಸಮಸಮ. ಬರಿಯ ದರಕಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ನಲವತ್ತೈದರ ಮೇಲಿರುತ್ತದೆ. ಈ ಬೆರಕೆಯಲ್ಲಿ ಮೂವತ್ತರ ಆಸುಪಾಸಿಗೆ ಬರುತ್ತದೆ, ಜೀವಾಣುಗಳಿಗೆ ಹಿತವಾದ ಹದ. ಎದೆಮಟ್ಟದ ರಾಶಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬೀಳುವಷ್ಟು ತೇವ, ಮೂರು ವಾರಕ್ಕೊಮ್ಮೆ ಮಗುಚುವುದು. ನಡುವೆ ಚುಚ್ಚಿಟ್ಟ ಕಬ್ಬಿಣದ ಸರಳು ಕೈಸುಡುವಂತಿದ್ದರೆ ಕೆಲಸ ನಡೆಯುತ್ತಿದೆ. ತಣ್ಣಗಿದ್ದು ನಾತ ಬಂದರೆ ಗಾಳಿ ಸಾಲದು, ತಣ್ಣಗಿದ್ದು ಒಣಗಿದ್ದರೆ ನೀರು ಸಾಲದು.

ಫಲ

ಆ ಮೇ-ಜೂನ್‌ನಲ್ಲಿ ಮುಂಜಾವದ ಅಂಕಿ 3ಕ್ಕಿಂತ ಕೆಳಗೆ ಹೋದದ್ದು ಎರಡೇ ದಿನ. ಪಂಪ್ ಓಡಿಸಿದರು, ಮೀನು ಉಳಿಯಿತು. ಮೃಗಾಲ ಮತ್ತೆ ಮೈತುಂಬಿಕೊಂಡಿತು. ಕೆರೆ ಸೋರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಅಕ್ಟೋಬರಿನಲ್ಲಿ ಒಂದು ಎಡವಟ್ಟು. ಮೀನಿಗೆ ಮೇವಾಗಲೆಂದು ಒಬ್ಬರು ಒಂದು ಗಾಡಿ ಹಸಿ ಸಗಣಿಯನ್ನು ಒಂದೇ ಮೂಲೆಗೆ ಸುರಿದರು. ಮೇಲಿಂದ ನಾಲ್ಕು ದಿನ ಮೋಡ. ಐದನೇ ಬೆಳಿಗ್ಗೆ ಮತ್ತೆ ಗುಟುಕರಿಕೆ. ಸಗಣಿಯೂ ಕೊಳೆಯುವ ವಸ್ತುವೇ, ದರಕಿಗಿಂತ ಬೇಗ ಉಸಿರು ತಿನ್ನುತ್ತದೆ. ವಾರಕ್ಕೆ ಎರಡು ಮೂರು ಬುಟ್ಟಿ, ಕದಡಿ, ಬಿಸಿಲಿದ್ದ ದಿನ, ದಂಡೆಯುದ್ದಕ್ಕೂ ಚೆಲ್ಲಿದರೆ ಪಾಚಿಜೀವಿಗಳು ಬೆಳೆಯುತ್ತವೆ. ಮೋಡವಿದ್ದರೆ ಅಂದು ಬೇಡ. ಮೊಣಕೈವರೆಗೆ ಕೈಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡರೆ ನೀರಿನ ಹಸಿರು ಹದದಲ್ಲಿದೆ. ಮಣಿಕಟ್ಟಿನಲ್ಲೇ ಮರೆಯಾದರೆ ಸಗಣಿ ನಿಲ್ಲಿಸಬೇಕು.

ಒರತೆ ಜಿನುಗುವ ಮೂಲೆಯಲ್ಲಿ ಬಣ್ಣಬಣ್ಣದ ಎಣ್ಣೆಪೊರೆ ಕಂಡು ಪಂಪಿನ ಡೀಸೆಲ್ ಸೋರಿದೆ ಎಂದು ಒಂದು ದಿನ ಗದ್ದಲವಾಯಿತು. ಕಡ್ಡಿಯಿಂದ ಕಲಕಿದಾಗ ಪೊರೆ ಗಾಜಿನಂತೆ ತುಂಡುತುಂಡಾಯಿತು. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟುವ ಪೊರೆ. ಉಸಿರಿಲ್ಲದ ಮಣ್ಣಿನಿಂದ ಕರಗಿದ ಕಬ್ಬಿಣ ಅಲ್ಲಿ ಹೊರಬರುತ್ತಿದೆ ಎಂದಷ್ಟೇ ಅರ್ಥ.

ಬೇರೆ ಕೆರೆಗೆ ಒಯ್ಯುವ ಮುನ್ನ

ಬಾಟಲಿ ಪರೀಕ್ಷೆ, ಮುಂಜಾವದ ಅಳತೆ, ಜೇಡಿ ತಾಗಿದಲ್ಲಿ ಸನಿಕೆ ನಿಲ್ಲಿಸುವುದು, ಈ ಮೂರು ಕಾಡಂಚಿನ ಯಾವ ಕೆರೆಗೂ ಸಲ್ಲುತ್ತವೆ. ಹತ್ತು ಹೆಜ್ಜೆಯ ಪಟ್ಟಿ ಈ ಇಳಿಜಾರಿನ ಅಳತೆ. ಕಡಿದಾದಲ್ಲಿ ಗುಡಿಸದ ಪಟ್ಟಿ ಅಗಲವಾಗಬೇಕು, ತೀರಾ ಕಡಿದಾದಲ್ಲಿ ಗುಡಿಸಲೇಬಾರದು. ಬಯಲುಸೀಮೆಯ ಊರ ಕೆರೆಗಳಿಗೆ ಈ ಕಥೆ ಹೊಂದುವುದಿಲ್ಲ. ಅಲ್ಲಿ ಮುಂಜಾವದ ಸಾವಿನ ಹಿಂದೆ ಹೆಚ್ಚಾಗಿ ಇರುವುದು ಚರಂಡಿ ನೀರು ತಂದ ಪೋಷಕಾಂಶ ಮತ್ತು ಅದರಿಂದ ಉಕ್ಕಿದ ಪಾಚಿ. ಕಾಲುವೆಗೆ ಎಲೆ ತಟ್ಟಿ ಕಟ್ಟಿ ಫಲವಿಲ್ಲ.

ಅಕೇಶಿಯಾ ಪ್ರಶ್ನೆ ಬಗೆಹರಿದಿಲ್ಲ. ಅದು ಸಾರಜನಕ ಹಿಡಿಯುವ ಮರ, ಎಲೆಯ ಇಂಗಾಲ-ಸಾರಜನಕದ ಅಂಕಿ ನೋಡಿದರೆ ಮತ್ತಿಗಿಂತ ಬೇಗ ಕೊಳೆಯಬೇಕು. ಆದರೆ ಮೇಣದ ಹೊದಿಕೆ, ಒಗರು, ಗಟ್ಟಿ ನಾರು ಸೇರಿ ಹುಳು ಅದನ್ನು ಮುಟ್ಟುವುದೇ ತಡ. ಆ ಎಲೆಯನ್ನೇ ಬೇರೆ ಮಾಡಿ, ಅದೇ ಸಗಣಿ, ಅದೇ ಸೊಪ್ಪು ಬೆರೆಸಿ ಹಾಕಿದ್ದ ರಾಶಿಯನ್ನು ಮರುವರ್ಷ ಬಿಚ್ಚಿದಾಗ ಕುಡುಗೋಲಿನಂತೆ ಬಾಗಿದ ಎಲೆಗಳು ಇಡಿಯಾಗಿಯೇ ಸಿಕ್ಕವು, ಕಪ್ಪಾಗಿದ್ದವು ಅಷ್ಟೇ. ಈಗ ಅದನ್ನು ಗೊಬ್ಬರಕ್ಕೆ ಹಾಕುವುದಿಲ್ಲ. ಬೇಸಿಗೆಯಲ್ಲಿ ತೋಟದ ಎರಡು ಸಾಲುಗಳ ನಡುವೆ ಮುಚ್ಚಿಗೆಗೆ ಹರಡುತ್ತಾರೆ. ತೋಟದ ನೀರು ಹರಿದುಹೋಗುವ ಕಾದಿಗೆಗೆ ಬೀಳದಂತೆ ನೋಡಿಕೊಳ್ಳಬೇಕು, ಬಿದ್ದರೆ ಜೂನ್ ಮಳೆಗೆ ಕಟ್ಟಿಕೊಳ್ಳುತ್ತದೆ.